ವಿದ್ಯಾದಾನವು ಎಲ್ಲಿ ಪೂರ್ಣವಾಗುತ್ತದೆ?

ಅನ್ನವನ್ನು ಹಂಚಿದರೆ ಕಣಜ ಬರಿದಾಗುತ್ತದೆ, ಹೊನ್ನನ್ನು ಹಂಚಿದರೆ ಚೀಲ ಹಗುರಾಗುತ್ತದೆ. ವಿದ್ಯೆಯೊಂದೇ ಕೊಟ್ಟವನಲ್ಲಿ ಕಡಮೆಯಾಗದೆ ಪಡೆದವನಲ್ಲಿ ಬೆಳೆಯುವ ಸಂಪತ್ತು. ಈ ಮಾತನ್ನು ಹಿರಿಯರು ಮತ್ತೆ ಮತ್ತೆ ಹೇಳಿದ್ದಾರೆ. ನಾವೂ ಶಾಲೆಯ ಗೋಡೆಗಳ ಮೇಲೆ ಅದನ್ನು ಬರೆಸಿದ್ದೇವೆ. ಆದರೆ ಈ ಮಾತಿನಿಂದ ಹೊರಡುವ ನೈತಿಕ ನಿರ್ಣಯವನ್ನು ಮನುಷ್ಯಕುಲವು ಬಹುಕಾಲ ಎದುರಿಸಲಿಲ್ಲ. ಅನ್ನವನ್ನು ಬಚ್ಚಿಟ್ಟವನಿಗೆ ‘ನನಗೇ ಸಾಲದು’ ಎಂಬ ನೆಪವಾದರೂ ಉಂಟು. ವಿದ್ಯೆಯನ್ನು ಬಚ್ಚಿಟ್ಟವನಿಗೆ ಆ ನೆಪವೂ ಇಲ್ಲ. ಕೊಟ್ಟರೆ ತನಗೆ ಯಾವ ನಷ್ಟವೂ ಆಗದ ವಸ್ತುವನ್ನು, ಅದು ಅತ್ಯಗತ್ಯವಾದವನಿಗೆ ಕೊಡದಿರುವುದು ಲೋಭಗಳಲ್ಲಿ ಅತ್ಯಂತ ನಿಷ್ಕಾರಣವಾದ ಲೋಭ. ಆದರೂ ಹುಟ್ಟಿನ ಬೇಲಿ, ಹಣದ ಬೇಲಿ, ದೂರದ ಬೇಲಿ, ಭಾಷೆಯ ಬೇಲಿ—ಹೀಗೆ ಒಂದರ ಹಿಂದೊಂದು ಬೇಲಿ ವಿದ್ಯೆಯ ಸುತ್ತ ಬೆಳೆದುಬಂದಿತು.

ಕಳೆದ ಕಾಲು ಶತಮಾನದಲ್ಲಿ ಅಂತರ್ಜಾಲದ ಮೂಲಕ ಈ ಬೇಲಿಗಳಲ್ಲಿ ಒಂದೆರಡನ್ನಾದರೂ ಕಿತ್ತುಹಾಕುವ ದೊಡ್ಡ ಪ್ರಯತ್ನ ನಡೆದಿದೆ. ಲೋಕದ ಹೆಸರಾಂತ ವಿದ್ಯಾಪೀಠಗಳ ಪಾಠಗಳನ್ನು ಇಂದು ಯಾರು ಬೇಕಾದರೂ ಶುಲ್ಕವಿಲ್ಲದೆ ಕೇಳಬಹುದು. ಇದು ಸಂತೋಷದ ಸಂಗತಿಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇದರೊಡನೆ ಒಂದು ಪ್ರಶ್ನೆಯೂ ಹುಟ್ಟುತ್ತದೆ. ಬಾಗಿಲನ್ನು ತೆರೆದಿಟ್ಟ ಮಾತ್ರಕ್ಕೆ ವಿದ್ಯಾದಾನವು ಪೂರ್ಣವಾಯಿತೆ? ಒಳಗೆ ಬಾರದವನ ಹೊಣೆ ಯಾರದು? ಈ ಪ್ರಶ್ನೆಯನ್ನು ವಾಚಕರೊಡನೆ ಕೂಡಿ ವಿಚಾರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಈ ಪ್ರಯತ್ನದ ಪೂರ್ವವೃತ್ತಾಂತವನ್ನು ಸ್ವಲ್ಪ ನೋಡಬೇಕು. ವಿದ್ಯಾಲಯದ ಗೋಡೆಯನ್ನು ದಾಟಿ ವಿದ್ಯೆಯನ್ನು ಹೊರಗೆ ತರಬೇಕೆಂಬ ಹಂಬಲ ಅಂತರ್ಜಾಲದೊಡನೆ ಹುಟ್ಟಿದ್ದಲ್ಲ. 1858ರಲ್ಲಿ ಲಂಡನ್ ವಿಶ್ವವಿದ್ಯಾನಿಲಯವು ತನ್ನ ಪದವಿಪರೀಕ್ಷೆಗಳನ್ನು ಯಾವ ಕಾಲೇಜಿಗೂ ಸೇರದೆ ಓದಿದವರಿಗೂ ತೆರೆಯಿತು. ಆದರೆ ಸ್ತ್ರೀಯರಿಗೆ ಅದೇ ಪದವಿಗಳು ದೊರಕಲು 1878ರವರೆಗೆ ಕಾಯಬೇಕಾಯಿತು. 1969ರಲ್ಲಿ ಬ್ರಿಟನ್ನಿನಲ್ಲಿ ಸ್ಥಾಪಿತವಾದ ಮುಕ್ತ ವಿಶ್ವವಿದ್ಯಾನಿಲಯವು ಪ್ರವೇಶಕ್ಕೆ ಹಿಂದಿನ ಯಾವ ಪದವಿಯನ್ನೂ ಕೇಳದೆ 1971ರಿಂದ ಬೋಧನೆಯನ್ನು ಆರಂಭಿಸಿತು. ನಮ್ಮ ದೇಶದಲ್ಲಿ 1982ರಲ್ಲಿ ಹೈದರಾಬಾದಿನಲ್ಲಿ ಮೊದಲ ಮುಕ್ತ ವಿಶ್ವವಿದ್ಯಾನಿಲಯವೂ, 1985ರಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯವೂ, 1996ರಲ್ಲಿ ಮೈಸೂರಿನಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವೂ ಸ್ಥಾಪನೆಗೊಂಡವು. ಇವೆಲ್ಲಕ್ಕೂ ಮೊದಲೇ, 1930ರ ದಶಕದಲ್ಲಿ, ಮೈಸೂರು ವಿಶ್ವವಿದ್ಯಾನಿಲಯದ ಅಧ್ಯಾಪಕರು ಊರೂರಿಗೆ ಹೋಗಿ ಕನ್ನಡದಲ್ಲಿ ಪ್ರಚಾರೋಪನ್ಯಾಸಗಳನ್ನು ಮಾಡಿ, ಅವುಗಳನ್ನು ಕಿರುಹೊತ್ತಗೆಗಳಾಗಿ ಸುಲಭ ಬೆಲೆಗೆ ಒದಗಿಸಿದುದನ್ನು ಕನ್ನಡಿಗರು ಮರೆಯಲಾಗದು. ಅಲ್ಲಿ ಕೇಳುಗನು ಪಂಡಿತನ ಬಳಿಗೆ ಹೋಗಲಿಲ್ಲ. ಪಂಡಿತನೇ ಕೇಳುಗನ ಬಳಿಗೆ ನಡೆದುಬಂದನು. ಈ ವ್ಯತ್ಯಾಸವನ್ನು ನೆನಪಿನಲ್ಲಿಟ್ಟುಕೊಂಡು ಮುಂದುವರಿಯೋಣ.

ಅಂತರ್ಜಾಲದ ಯುಗದಲ್ಲಿ ಮೊದಲ ದೊಡ್ಡ ಹೆಜ್ಜೆಯನ್ನಿಟ್ಟುದು ಅಮೆರಿಕೆಯ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆ, ಎಂದರೆ ಎಂ.ಐ.ಟಿ. ಅಂತರ್ಜಾಲದ ಮೂಲಕ ಪಾಠಗಳನ್ನು ಮಾರಿ ಹಣ ಗಳಿಸುವ ದಾರಿಗಳನ್ನು ಪರಿಶೀಲಿಸಲು ಅಲ್ಲಿ ಒಂದು ಸಮಿತಿ ಕುಳಿತಿತ್ತು. ಆ ಸಮಿತಿ ಕಡೆಗೆ ಕೊಟ್ಟ ಸಲಹೆ ಬೇರೆಯೇ ಆಗಿತ್ತು: ಮಾರುವುದು ಬೇಡ, ಕೊಟ್ಟುಬಿಡೋಣ! 2001ರ ಏಪ್ರಿಲಿನಲ್ಲಿ ಸಂಸ್ಥೆಯು ತನ್ನ ಎಲ್ಲ ಪಾಠಸಾಮಗ್ರಿಯನ್ನೂ ಲೋಕಕ್ಕೆ ಉಚಿತವಾಗಿ ಒಪ್ಪಿಸುವುದಾಗಿ ಸಾರಿತು. 2002ರಲ್ಲಿ ಐವತ್ತು ವಿಷಯಗಳಿಂದ ಮೊದಲಾಗಿ 2007ರ ವೇಳೆಗೆ ಸುಮಾರು 1,800 ವಿಷಯಗಳ ಪಾಠಗಳು ಹೀಗೆ ಬಯಲಿಗೆ ಬಂದವು. ಪದವಿಯನ್ನು ಅದು ಕೊಡಲಿಲ್ಲ, ಪಾಠವನ್ನು ಕೊಟ್ಟಿತು.

ಇಲ್ಲಿ ‘ಉಚಿತ’ ಮತ್ತು ‘ಮುಕ್ತ’ ಎಂಬೆರಡು ಶಬ್ದಗಳ ಅಂತರವನ್ನು ಗಮನಿಸಬೇಕು. ಬೆಲೆ ತೆಗೆದುಕೊಳ್ಳದೆ ತೋರಿಸುವುದು ಉಚಿತ. ತೋರಿಸಿದುದನ್ನು ಇನ್ನೊಬ್ಬರು ತಮ್ಮ ಭಾಷೆಗೆ ತಿರುಗಿಸಿಕೊಳ್ಳಲು, ತಮ್ಮ ಮಕ್ಕಳಿಗೆ ತಕ್ಕಂತೆ ಮಾರ್ಪಡಿಸಿಕೊಳ್ಳಲು, ಮತ್ತೊಬ್ಬರಿಗೆ ಹಂಚಲು ಅಪ್ಪಣೆ ಕೊಡುವುದು ಮುಕ್ತ. ಮೊದಲನೆಯದರಲ್ಲಿ ಪಡೆಯುವವನು ಅತಿಥಿ, ಎರಡನೆಯದರಲ್ಲಿ ಅವನು ಮನೆಯವನು. 2002ರಲ್ಲಿ ಪ್ಯಾರಿಸ್ಸಿನಲ್ಲಿ ಯುನೆಸ್ಕೋ ನಡೆಸಿದ ಸಭೆಯಲ್ಲಿ ‘ಮುಕ್ತ ಶೈಕ್ಷಣಿಕ ಸಂಪನ್ಮೂಲ’ ಎಂಬ ಹೆಸರು ರೂಢಿಗೆ ಬಂದುದೂ, ಅದೇ ವರ್ಷದ ಕೊನೆಗೆ ‘ಕ್ರಿಯೇಟಿವ್ ಕಾಮನ್ಸ್’ ಎಂಬ ಪರವಾನಗಿಗಳು ಹೊರಬಂದುದೂ ಈ ಎರಡನೆಯ ಅರ್ಥವನ್ನು ಗಟ್ಟಿಗೊಳಿಸಿದವು.

ನಮ್ಮ ದೇಶವೂ ಹಿಂದುಳಿಯಲಿಲ್ಲ. 2003ರಲ್ಲಿ ಏಳು ಐ.ಐ.ಟಿ.ಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ, ಕೇಂದ್ರ ಸರ್ಕಾರದ ಧನಸಹಾಯದಿಂದ, ಎನ್.ಪಿ.ಟಿ.ಇ.ಎಲ್. ಎಂಬ ಯೋಜನೆಯನ್ನು ಕೈಗೊಂಡವು. ಆ ಸಂಸ್ಥೆಗಳ ಪ್ರವೇಶಪರೀಕ್ಷೆಯನ್ನು ದಾಟಲಾರದ ಲಕ್ಷಾಂತರ ವಿದ್ಯಾರ್ಥಿಗಳಿಗೆ ಅಲ್ಲಿನ ಅಧ್ಯಾಪಕರ ಪಾಠವನ್ನಾದರೂ ತಲುಪಿಸುವುದು ಇದರ ಗುರಿ. 2014ರಿಂದ ನಿಗದಿತ ವಾರಗಳ ಪಾಠ, ವಾರವಾರದ ಅಭ್ಯಾಸ, ಇಚ್ಛೆಪಟ್ಟವರಿಗೆ ಶುಲ್ಕದೊಡನೆ ಪರೀಕ್ಷಾಕೇಂದ್ರದಲ್ಲಿ ಪರೀಕ್ಷೆ ಎಂಬ ಕ್ರಮವೂ ಬಂದಿತು. 2017ರ ಜುಲೈ 9ರಂದು ಎಲ್ಲ ವಿಷಯಗಳನ್ನೂ ಒಳಗೊಳ್ಳುವ ‘ಸ್ವಯಂ’ ಎಂಬ ರಾಷ್ಟ್ರೀಯ ವೇದಿಕೆ ಉದ್ಘಾಟನೆಗೊಂಡಿತು. ತಾಲ್ಲೂಕು ಪಟ್ಟಣದ ಕಾಲೇಜಿನಲ್ಲಿ ಒಂದು ವಿಷಯಕ್ಕೆ ಅಧ್ಯಾಪಕರೇ ಇಲ್ಲದೆ ವರ್ಷ ಕಳೆಯುವ ವಿದ್ಯಾರ್ಥಿಗೆ ಇದು ಎಂಥ ಆಸರೆಯೆಂಬುದನ್ನು ಬಲ್ಲವರೇ ಬಲ್ಲರು.

2011 ಮತ್ತು 2012ರಲ್ಲಿ ಈ ಉತ್ಸಾಹ ತುತ್ತತುದಿಗೆ ಏರಿತು. 2011ರಲ್ಲಿ ಸ್ಟ್ಯಾನ್‌ಫರ್ಡಿನ ಇಬ್ಬರು ಅಧ್ಯಾಪಕರು ಕೃತಕ ಬುದ್ಧಿಮತ್ತೆಯ ಪಾಠವನ್ನು ಲೋಕಕ್ಕೆ ತೆರೆದಾಗ ಸುಮಾರು 1,60,000 ಜನ ಹೆಸರು ನೋಂದಾಯಿಸಿದರು. ಮರುವರ್ಷ ಹಾರ್ವರ್ಡ್ ಮತ್ತು ಎಂ.ಐ.ಟಿ.ಗಳು ಕೂಡಿ ‘ಎಡ್‌ಎಕ್ಸ್’ ಎಂಬ ಸಂಸ್ಥೆಯನ್ನು ಕಟ್ಟಿದವು. ಅದರ ಮೊದಲ ಮುಖ್ಯಸ್ಥರಾದ ಅನಂತ್ ಅಗರ್‌ವಾಲ್ ಅವರು ನಮ್ಮ ಮಂಗಳೂರಿನಲ್ಲಿ ಬೆಳೆದು ಓದಿದವರು. ಅವರೂ ಅವರ ಸಹೋದ್ಯೋಗಿಗಳೂ ಕಲಿಸಿದ ವಿದ್ಯುನ್ಮಂಡಲಗಳ ಪಾಠಕ್ಕೆ ಸುಮಾರು 1,55,000 ಜನ ಸೇರಿದರು. ಮಂಗೋಲಿಯಾದ ಹದಿನೈದು ವರ್ಷದ ಬಾಲಕನೊಬ್ಬನು ಅದರಲ್ಲಿ ಪೂರ್ಣಾಂಕ ಪಡೆದನು. ಬಡವರ ಮಕ್ಕಳಿಗೂ ಲೋಕದ ಶ್ರೇಷ್ಠ ಗುರುಗಳು ದೊರೆತರೆಂದು ಎಲ್ಲರೂ ಹಿಗ್ಗಿದರು. ಆದರೆ ಅದೇ ಪಾಠವನ್ನು ಕೊನೆಮುಟ್ಟಿಸಿ ಪ್ರಮಾಣಪತ್ರ ಪಡೆದವರು ಸುಮಾರು ಏಳು ಸಾವಿರ ಮಂದಿ ಮಾತ್ರ.

ಮುಂದಿನ ವರ್ಷಗಳ ಲೆಕ್ಕವೂ ಹೀಗೆಯೇ ನಡೆಯಿತು. ಹಾರ್ವರ್ಡ್ ಮತ್ತು ಎಂ.ಐ.ಟಿ.ಗಳ ಇಂಥ ಪಾಠಗಳನ್ನು ಕುರಿತು 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಂತೆ, ಹೆಸರು ಬರೆಸಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಒಮ್ಮೆಯೂ ಪಾಠದೊಳಕ್ಕೆ ಕಾಲಿಡಲಿಲ್ಲ; 2017–18ರಲ್ಲಿ ಪಾಠವನ್ನು ಪೂರೈಸಿದವರು ನೂರಕ್ಕೆ ಮೂವರಿಗಿಂತ ಸ್ವಲ್ಪ ಹೆಚ್ಚು. ಈ ಅಂಕಿಗಳನ್ನು ನ್ಯಾಯವಾಗಿ ನೋಡಬೇಕು. ಗ್ರಂಥಾಲಯಕ್ಕೆ ಹೋಗಿ ಒಂದೇ ಅಧ್ಯಾಯವನ್ನು ಓದಿ ತನಗೆ ಬೇಕಾದುದನ್ನು ಪಡೆದು ಹಿಂತಿರುಗಿದವನನ್ನು ನಾವು ಸೋತವನೆನ್ನುವುದಿಲ್ಲ. ಕುತೂಹಲದಿಂದ ಬಂದು ಹೋದವರನ್ನೂ ಹಾಗೆನ್ನಲಾಗದು. ಆದರೆ ಇನ್ನೊಂದು ಅಂಶವನ್ನು ಹೀಗೆ ಸಮಾಧಾನಪಡಿಸಿಕೊಂಡು ದಾಟುವಂತಿಲ್ಲ. ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದವರು 2013ರಲ್ಲಿ ತಮ್ಮ ಮುಕ್ತ ಪಾಠಗಳಿಗೆ ಸೇರಿದ ಸುಮಾರು 35,000 ಜನರನ್ನು ವಿಚಾರಿಸಿದಾಗ, ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಮಂದಿ ಆಗಲೇ ಪದವಿ ಪಡೆದವರೆಂದು ತಿಳಿದುಬಂದಿತು. ಭಾರತದಂಥ ದೇಶಗಳಿಂದ ಬಂದವರಲ್ಲಿಯಂತೂ ಬಹುಭಾಗ ಆಯಾ ದೇಶದ ಅತ್ಯಂತ ಸಿರಿವಂತ ವರ್ಗದವರು. ಹಸಿದವರಿಗೆಂದು ಬಡಿಸಿದ ಎಲೆಯ ಮುಂದೆ ಉಂಡವರೇ ಮತ್ತೆ ಬಂದು ಕುಳಿತಂತಾಯಿತು.

ಈಗ ನಮ್ಮ ಪ್ರಶ್ನೆಗೆ ಬರೋಣ. ಇದಕ್ಕೆ ಹೊಣೆ ಯಾರು?

‘ಬಾಗಿಲು ತೆರೆದಿದೆ, ಬಾರದವನು ಸೋಮಾರಿ’ ಎಂಬುದು ಒಂದು ಉತ್ತರ. ಇದು ಸುಲಭವಾದ ಉತ್ತರ. ಆದುದರಿಂದಲೇ ಸಂಶಯಾರ್ಹವಾದ ಉತ್ತರ. ಓದುವ ಮನಸ್ಸು ಎಂಬುದು ತಾನಾಗಿ ಬೆಳೆಯುವ ಹುಲ್ಲಲ್ಲ. ಯಾರೋ ನೀರೆರೆದು ಬೆಳೆಸಿದ ಗಿಡ. ಮನೆಯಲ್ಲಿ ಓದಿದವರು ಇದ್ದರೆ, ಸಂಜೆ ಕುಳಿತುಕೊಳ್ಳಲು ಒಂದು ಮೂಲೆ ಇದ್ದರೆ, ತಿಳಿಯದುದನ್ನು ಕೇಳಲು ಒಬ್ಬ ಅಣ್ಣನೋ ಅಕ್ಕನೋ ಇದ್ದರೆ ಆ ಗಿಡ ಬೆಳೆಯುತ್ತದೆ. ಹಗಲೆಲ್ಲ ದುಡಿದು ಬಂದು, ಮನೆಮಂದಿಗೆಲ್ಲ ಇರುವ ಒಂದೇ ಮೊಬೈಲನ್ನು ರಾತ್ರಿ ಅರ್ಧಗಂಟೆ ಪಡೆಯುವ ಹುಡುಗಿಗೆ, ಅರ್ಥವಾಗದ ಭಾಷೆಯಲ್ಲಿ ನಡೆಯುವ ಪಾಠವನ್ನು ತೋರಿಸಿ ‘ಎಲ್ಲವೂ ಉಚಿತ, ಇನ್ನೇನು ಬೇಕು?’ ಎಂದು ಕೇಳುವುದು ನ್ಯಾಯವಲ್ಲ. 2017–18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಂತೆ ಆಗ ನಮ್ಮ ದೇಶದ ಹಳ್ಳಿಗಳ ನೂರು ಮನೆಗಳಲ್ಲಿ ಹದಿನೈದಕ್ಕೂ, ಪಟ್ಟಣಗಳ ನೂರು ಮನೆಗಳಲ್ಲಿ ನಲವತ್ತೆರಡಕ್ಕೂ ಮಾತ್ರ ಅಂತರ್ಜಾಲದ ಸೌಕರ್ಯವಿದ್ದಿತು. ಅಂದಿನಿಂದ ಮೊಬೈಲುಗಳು ಬಹಳ ಹರಡಿವೆ, ನಿಜ. ಆದರೆ ಕೈಗೆ ಮೊಬೈಲು ಬಂದುದು ಒಂದು, ಅದರಲ್ಲಿ ಪಾಠ ಓದುವ ಬಿಡುವು ಮತ್ತು ಅಭ್ಯಾಸ ಬಂದುದು ಮತ್ತೊಂದು.

‘ಇದೆಲ್ಲ ವ್ಯರ್ಥ, ಗುರುವಿನ ಎದುರಿಗೆ ಕುಳಿತಲ್ಲದೆ ವಿದ್ಯೆ ಬಾರದು’ ಎಂಬುದು ಇನ್ನೊಂದು ಉತ್ತರ. ಇದೂ ಸರಿಯಲ್ಲ. ಗುರುವೇ ದೊರೆಯದ ಕಡೆಯಲ್ಲಿ ಈ ಮಾತು ಕ್ರೂರವಾಗುತ್ತದೆ. ಮಂಗೋಲಿಯಾದ ಆ ಬಾಲಕನ ಉದಾಹರಣೆಯನ್ನೇ ಸರಿಯಾಗಿ ನೋಡಿದರೆ ಸತ್ಯ ತಿಳಿಯುತ್ತದೆ. ಅವನು ಒಬ್ಬಂಟಿಯಾಗಿ ಕಲಿತವನಲ್ಲ. ಅವನ ಶಾಲೆಯ ಮುಖ್ಯೋಪಾಧ್ಯಾಯರು ಎಂ.ಐ.ಟಿ.ಯಲ್ಲಿ ಓದಿದವರು, ಅವರು ಆ ಪಾಠವನ್ನು ತಮ್ಮ ಮಕ್ಕಳಿಗೆ ತಂದುಕೊಟ್ಟು, ಜೊತೆಗೆ ಪ್ರಯೋಗ ಮಾಡಿಸಲು ಬೋಧಕರನ್ನೂ ಒದಗಿಸಿದ್ದರು. ಪಾಠ ಅಮೆರಿಕೆಯಿಂದ ಬಂದಿತು. ಬೆನ್ನಮೇಲೆ ಕೈಯಿಟ್ಟವರು ಊರಿನಲ್ಲಿಯೇ ಇದ್ದರು.

ಹಾಗಾದರೆ ಸತ್ಯವು ಈ ಎರಡು ಉತ್ತರಗಳ ನಡುವೆ ಇದೆ. ತೆರೆದ ಬಾಗಿಲು ಅವಶ್ಯಕ. ಆದರೆ ಅದು ಸಾಕಾಗದು. ನೀಡುವವನ ಧರ್ಮ ಬಾಗಿಲನ್ನು ತೆರೆಯುವಲ್ಲಿಗೆ ಮುಗಿಯದೆ, ಪಡೆಯಬೇಕಾದವನು ನಿಜವಾಗಿ ಪಡೆಯುವವರೆಗೆ ಹಿಂಬಾಲಿಸುತ್ತದೆ. ಇದನ್ನು ಮರೆತಾಗ ಏನಾಗುತ್ತದೆಂಬುದಕ್ಕೆ ಮೂರು ಪ್ರಸಂಗಗಳನ್ನು ನೋಡಬಹುದು.

ಮೊದಲನೆಯದು ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆ ರಾಜ್ಯ ವಿಶ್ವವಿದ್ಯಾನಿಲಯದ ಪ್ರಸಂಗ. 2013ರಲ್ಲಿ ಅಲ್ಲಿನ ತತ್ತ್ವಶಾಸ್ತ್ರ ವಿಭಾಗಕ್ಕೆ ಹಾರ್ವರ್ಡಿನ ಮೈಕೆಲ್ ಸ್ಯಾಂಡೆಲ್ ಅವರ ‘ನ್ಯಾಯ’ ಎಂಬ ಪ್ರಸಿದ್ಧ ಪಾಠಮಾಲೆಯನ್ನು ಬಳಸಿಕೊಳ್ಳುವ ಸೂಚನೆ ಬಂದಾಗ, ಅಧ್ಯಾಪಕರು ಬಹಿರಂಗ ಪತ್ರ ಬರೆದು ನಿರಾಕರಿಸಿದರು. ಅವರ ಆಕ್ಷೇಪ ಆ ಪಾಠದ ಗುಣವನ್ನು ಕುರಿತದ್ದಲ್ಲ. ಸಿರಿವಂತರ ವಿದ್ಯಾಲಯದ ಮಕ್ಕಳಿಗೆ ಎದುರಿನಲ್ಲಿ ಗುರು, ಸಾಮಾನ್ಯರ ವಿದ್ಯಾಲಯದ ಮಕ್ಕಳಿಗೆ ಪರದೆಯ ಮೇಲೆ ಅದೇ ಗುರುವಿನ ಚಿತ್ರ ಎಂಬ ಎರಡು ಪಂಕ್ತಿಗಳು ಏಳುತ್ತವೆಂಬುದು ಅವರ ಭಯ. ಈ ಭಯ ನಿರಾಧಾರವಲ್ಲ. ಗುರುವಿಲ್ಲದ ಊರಿಗೆ ಪಾಠವನ್ನು ಕಳುಹಿಸುವುದು ದಾನ. ಪಾಠವಿದೆಯೆಂಬ ನೆಪದಿಂದ ಇದ್ದ ಗುರುವನ್ನೂ ತೆಗೆಯುವುದು ಅಪಹಾರ. ಹುದ್ದೆಗಳನ್ನು ತುಂಬದೆ ಪರದೆಯನ್ನು ತೋರಿಸುವ ಆಡಳಿತಗಳಿಗೆ ಈ ಮಾತು ಇಂದಿಗೂ ಅನ್ವಯಿಸುತ್ತದೆ.

ಎರಡನೆಯದು ಬರ್ಕ್ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ್ದು. ಅದು ಬಯಲಿಗಿಟ್ಟಿದ್ದ ಸಾವಿರಾರು ಉಪನ್ಯಾಸಗಳಲ್ಲಿ ಮಾತುಗಳನ್ನು ಅಕ್ಷರದಲ್ಲಿ ತೋರಿಸುವ ಏರ್ಪಾಡು ಇಲ್ಲದುದರಿಂದ ಕಿವುಡರಿಗೆ ಅವು ದಕ್ಕುತ್ತಿಲ್ಲವೆಂದು ದೂರು ಹೋಯಿತು. 2016ರಲ್ಲಿ ಸರ್ಕಾರದ ನ್ಯಾಯ ಇಲಾಖೆಯು ದೂರು ಸತ್ಯವೆಂದು ಒಪ್ಪಿತು. ಸರಿಪಡಿಸುವ ಖರ್ಚು ಹೆಚ್ಚೆಂದು ವಿಶ್ವವಿದ್ಯಾನಿಲಯವು 2017ರಲ್ಲಿ 20,000ಕ್ಕೂ ಹೆಚ್ಚು ಉಪನ್ಯಾಸಗಳನ್ನು ಸಾರ್ವಜನಿಕರ ಕಣ್ಣಿನಿಂದಲೇ ತೆಗೆದುಬಿಟ್ಟಿತು. ಕಿವುಡರಿಗೆ ದೊರೆಯದುದು ಯಾರಿಗೂ ದೊರೆಯದಂತಾಯಿತು. ಕಡೆಗೆ 2022ರಲ್ಲಿ ಅದು ತನ್ನ ಮುಕ್ತ ಪಾಠಗಳನ್ನು ಎಲ್ಲರಿಗೂ ಬಳಕೆಯಾಗುವಂತೆ ಮಾಡಲು ಒಪ್ಪಿಕೊಂಡಿತು. ಇಲ್ಲಿ ಬೇಡಿದವರು ತಪ್ಪಿತಸ್ಥರಲ್ಲ. ‘ಎಲ್ಲರಿಗೂ’ ಎಂದು ಬಾಗಿಲ ಮೇಲೆ ಬರೆದ ಮೇಲೆ ಆ ಶಬ್ದದ ಅರ್ಥವನ್ನು ನೆನಪಿಸುವ ಹಕ್ಕು ಹೊರಗುಳಿದವನಿಗೆ ಇದ್ದೇ ಇದೆ. ಮೆಟ್ಟಿಲು ಕಟ್ಟುವಾಗಲೇ ಮೆಟ್ಟಿಲೇರಲಾರದವನನ್ನು ನೆನೆದಿದ್ದರೆ, ಕಟ್ಟಿದುದನ್ನು ಕೆಡಹುವ ಪ್ರಮೇಯವೇ ಬರುತ್ತಿರಲಿಲ್ಲ.

ಮೂರನೆಯದು ಎಡ್‌ಎಕ್ಸ್‌ನ ಕಥೆ. ಲಾಭದ ಉದ್ದೇಶವಿಲ್ಲದೆ ಆರಂಭವಾದ ಆ ಸಂಸ್ಥೆಯನ್ನು 2021ರಲ್ಲಿ 80 ಕೋಟಿ ಡಾಲರುಗಳಿಗೆ ವ್ಯಾಪಾರಿ ಕಂಪನಿಯೊಂದಕ್ಕೆ ಮಾರಲಾಯಿತು; ಕೊಂಡ ಕಂಪನಿಯು 2024ರಲ್ಲಿ ಸಾಲದ ಹೊರೆಯಿಂದ ದಿವಾಳಿ ರಕ್ಷಣೆಯನ್ನು ಕೋರಿ ನ್ಯಾಯಾಲಯಕ್ಕೆ ಹೋಯಿತು. ಇದರಿಂದ ಕಲಿಯಬೇಕಾದ ಪಾಠವೊಂದಿದೆ. ಉಚಿತವೆಂಬುದು ಪಡೆಯುವವನಿಗೆ ಉಚಿತವೇ ಹೊರತು ಅದರ ಬೆಲೆಯನ್ನು ಯಾರೋ ತೆತ್ತೇ ಇರುತ್ತಾರೆ. ಪಂಕ್ತಿಯಲ್ಲಿ ಉಣ್ಣುವವನಿಗೆ ಅನ್ನ ಉಚಿತ. ಆದರೆ ಭತ್ತ ಬೆಳೆದವರುಂಟು, ಸೌದೆ ತಂದವರುಂಟು, ಒಲೆಯ ಮುಂದೆ ಬೆಂದವರುಂಟು. ಎನ್.ಪಿ.ಟಿ.ಇ.ಎಲ್. ಪಾಠಗಳ ಬೆಲೆಯನ್ನು ತೆತ್ತುದು ಸಾರ್ವಜನಿಕ ಬೊಕ್ಕಸ. ಎಂದರೆ ಅಂಗಡಿಯಲ್ಲಿ ಸಾಬೂನು ಕೊಳ್ಳುವಾಗ ತೆರಿಗೆ ತೆತ್ತ, ಸ್ವತಃ ಓದುಬರೆಹ ಬಾರದ ಕೂಲಿಕಾರಳ ಪಾಲೂ ಅದರಲ್ಲಿದೆ. ಅವಳು ಪ್ರವೇಶಿಸಲಾರದ ಮನೆಗೆ ಅವಳೂ ಇಟ್ಟಿಗೆ ಹೊತ್ತಿದ್ದಾಳೆ. ಈ ಋಣವನ್ನು ನೆನೆದರೆ, ಉಚಿತವಾಗಿ ಕಲಿತವನು ‘ನಾನು ಯಾರಿಗೂ ಬಾಕಿಯಿಲ್ಲ’ ಎನ್ನಲಾರನು.

ಇಲ್ಲಿ ಭಾಷೆಯ ಮಾತನ್ನೂ ಹೇಳಬೇಕು. ನಮ್ಮ ದೇಶದ ಮುಕ್ತ ಪಾಠಗಳಲ್ಲಿ ಬಹುಪಾಲು ಇಂಗ್ಲಿಷಿನಲ್ಲಿವೆ. ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಿಗೆ ಅವುಗಳನ್ನು ತರುವ ಕೆಲಸ ನಡೆದಿದೆ. ಯಂತ್ರಗಳ ನೆರವೂ ದೊರೆತಿದೆ. ಆದರೆ ಯಂತ್ರದ ಕನ್ನಡ ಅನೇಕ ವೇಳೆ ವಿದ್ಯಾರ್ಥಿಯನ್ನು ಒಂದು ತೊಡಕಿನಿಂದ ಬಿಡಿಸಿ ಇನ್ನೊಂದು ತೊಡಕಿಗೆ ನೂಕುತ್ತದೆ. ವಿಷಯವನ್ನು ಬಲ್ಲ ಕನ್ನಡಿಗನೊಬ್ಬನು ಪಕ್ಕದಲ್ಲಿ ಕುಳಿತು ‘ಇದರ ಅರ್ಥ ಇಷ್ಟೇ’ ಎಂದು ಹೇಳುವುದಕ್ಕೆ ಸಮನಾದುದು ಇನ್ನೂ ಬಂದಿಲ್ಲ. 2022ರ ಕೊನೆಯಿಂದ ಪ್ರಶ್ನೆಗೆ ತಾವೇ ಉತ್ತರ ಹೇಳುವ ಯಂತ್ರಗಳೂ ಜನರ ಕೈಗೆ ಬಂದಿವೆ. ಅವು ಉಪಯುಕ್ತವೇ. ಆದರೆ ಪ್ರಶ್ನೆ ಕೇಳಬಲ್ಲವನಿಗೆ ಅವು ಹೆಚ್ಚು ಉಪಯುಕ್ತ. ಏನನ್ನು ಕೇಳಬೇಕೆಂಬುದೇ ತಿಳಿಯದೆ ಕುಳಿತವನಿಗೆ ಮೊದಲು ಬೇಕಾದುದು ಅವನ ಮುಖವನ್ನು ನೋಡಿ ತೊಡಕನ್ನು ಅರಿಯುವ ಮನುಷ್ಯ. ಕೋವಿಡ್ ಕಾಲದಲ್ಲಿ, 2020ರಲ್ಲಿ, ಶಾಲೆಗಳು ಮುಚ್ಚಿದಾಗ ನಮ್ಮ ರಾಜ್ಯದಲ್ಲಿ ‘ವಿದ್ಯಾಗಮ’ವೆಂಬ ಹೆಸರಿನಲ್ಲಿ ಶಿಕ್ಷಕರು ಮಕ್ಕಳಿರುವ ಕೇರಿಗಳಿಗೇ ಹೋಗಿ ಗುಡಿಯ ಜಗಲಿಯಲ್ಲಿ, ಮರದ ನೆರಳಿನಲ್ಲಿ ಪಾಠ ಹೇಳಿದರು. ಸೋಂಕಿನ ಭೀತಿಯಿಂದ ಅದು ಕೆಲವೇ ತಿಂಗಳಲ್ಲಿ ನಿಲ್ಲಬೇಕಾಯಿತು. ಆದರೂ ಪರದೆ ತಲುಪದ ಕಡೆಗೆ ಕಾಲು ತಲುಪುತ್ತದೆಂಬುದನ್ನು ಅದು ತೋರಿಸಿಕೊಟ್ಟಿತು.

ಈ ಪತ್ರಿಕೆಯ ವಾಚಕರಲ್ಲಿ ಅನೇಕರು ಮಠದ ಉಚಿತ ಪ್ರಸಾದನಿಲಯಗಳಲ್ಲಿದ್ದು ಓದಿದವರು. ಅವರಿಗೆ ಈ ವಿಷಯವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಅಲ್ಲಿ ದೊರೆತುದು ಅನ್ನ ಮತ್ತು ಸೂರು ಮಾತ್ರವಾಗಿದ್ದರೆ ಅವರಲ್ಲಿ ಎಷ್ಟು ಮಂದಿ ಓದು ಮುಗಿಸುತ್ತಿದ್ದರು? ಬೆಳಗಿನ ಜಾವದ ಗಂಟೆ, ಗೊತ್ತಾದ ಹೊತ್ತಿಗೆ ಓದಲು ಕುಳ್ಳಿರಿಸುವ ಶಿಸ್ತು, ಲೆಕ್ಕ ತಪ್ಪಿದಾಗ ತಿದ್ದುವ ಮೇಲಿನ ತರಗತಿಯ ವಿದ್ಯಾರ್ಥಿ, ರಜೆ ಮುಗಿದರೂ ಊರಿನಿಂದ ಬಾರದ ಹುಡುಗನನ್ನು ಹುಡುಕಿ ಕರೆಕಳುಹಿಸುವ ಕಾಳಜಿ—ಇವೂ ಆ ದಾನದ ಅಂಗಗಳೇ ಆಗಿದ್ದವು. ದಾಸೋಹವೆಂದರೆ ಉಗ್ರಾಣದ ಬೀಗದ ಕೈಯನ್ನು ಹೊರಗೆ ನೇತುಹಾಕಿ ಬೇಕಾದವರು ಬೇಯಿಸಿಕೊಳ್ಳಲೆಂದು ಬಿಡುವುದಲ್ಲ. ಎಲೆ ಹಾಕಿ, ಕೂರಿಸಿ, ಬಡಿಸಿ, ಇನ್ನಷ್ಟು ಬೇಕೆ ಎಂದು ಕೇಳುವುದು. ಜ್ಞಾನಕ್ಕೂ ಇದೇ ನಿಯಮ. ಇಂದು ಲೋಕದ ಉಗ್ರಾಣ ತೆರೆದಿದೆ. ಬಡಿಸುವ ಕೈಗಳು ಸಾಲದಾಗಿವೆ.

ಆ ಕೈಗಳು ಯಾರವು? ಓದಿದವರವು. ನಿವೃತ್ತ ಇಂಜಿನಿಯರರೋ ಅಧ್ಯಾಪಕರೋ ತಮ್ಮ ಊರಿನ ವಾಚನಾಲಯದಲ್ಲಿ ವಾರಕ್ಕೆ ಎರಡು ಸಂಜೆ ನಾಲ್ವರು ಹುಡುಗರೊಡನೆ ಕುಳಿತು ಹನ್ನೆರಡು ವಾರಗಳ ಒಂದು ಪಾಠವನ್ನು ಕೊನೆಮುಟ್ಟಿಸಿದರೆ ಅದು ಸಣ್ಣ ಕೆಲಸವಲ್ಲ. ಕಲಿಕೆ ಉಚಿತವಾದರೂ ಪರೀಕ್ಷೆಗೆ ಶುಲ್ಕವುಂಟು, ಕೇಂದ್ರಕ್ಕೆ ಹೋಗಿಬರಲು ಬಸ್ಸಿನ ಖರ್ಚುಂಟು; ಇಷ್ಟಕ್ಕೇ ಹಿಂಜರಿಯುವ ಮಕ್ಕಳಿದ್ದಾರೆ, ಅವರ ಕೈಹಿಡಿಯಬಹುದು. ಹೊರದೇಶದಲ್ಲಿರುವವರೂ ವಾರಕ್ಕೊಮ್ಮೆ ದೂರವಾಣಿಯಲ್ಲಿ ಕನ್ನಡದಲ್ಲಿ ಒಂದು ಅಧ್ಯಾಯವನ್ನು ಬಿಡಿಸಿ ಹೇಳಬಹುದು. ಮುಕ್ತ ಪರವಾನಗಿಯಿರುವ ಪಾಠವನ್ನು ಆ ಪರವಾನಗಿಯ ನಿಯಮದಂತೆ ಕನ್ನಡಕ್ಕೆ ತಂದು ಎಲ್ಲರಿಗೂ ಹಂಚಬಹುದು. ಇದಕ್ಕೆ ದೊಡ್ಡ ನಿಧಿಯಾಗಲಿ ಕಟ್ಟಡವಾಗಲಿ ಬೇಡ. ‘ನಿನ್ನೆ ಏಕೆ ಬರಲಿಲ್ಲ?’ ಎಂದು ಕೇಳುವ ಒಬ್ಬ ಮನುಷ್ಯ ಸಾಕು.

ಪಡೆಯುವವರಿಗೂ ಧರ್ಮವುಂಟು. ಬೆಲೆ ತೆರದೆ ಬಂದುದನ್ನು ಬೆಲೆಯಿಲ್ಲದ್ದೆಂದು ಭಾವಿಸುವುದು ಮನುಷ್ಯಸಹಜವಾದ ದೋಷ. ಬಾಲಬಾಲಕಿಯರು ಇದನ್ನು ಗೆಲ್ಲಬೇಕು. ಹತ್ತು ಪಾಠಗಳಿಗೆ ಹೆಸರು ಬರೆಸಿ ಹತ್ತನ್ನೂ ಬಿಡುವುದಕ್ಕಿಂತ ಒಂದನ್ನು ಹಿಡಿದು ಮುಗಿಸುವುದು ಲೇಸು. ಇನ್ನೊಬ್ಬರ ಉತ್ತರವನ್ನು ನಕಲು ಮಾಡಿ ಪಡೆದ ಪ್ರಮಾಣಪತ್ರವು ದಾನ ಕೊಟ್ಟವರಿಗೂ ತನಗೂ ಏಕಕಾಲದಲ್ಲಿ ಮಾಡಿದ ವಂಚನೆ. ಕಲಿತುದನ್ನು ತನಗಿಂತ ಕಿರಿಯನಾದ ಒಬ್ಬನಿಗಾದರೂ ಕಲಿಸಿದಾಗಲೇ ಆ ಋಣದ ಒಂದಂಶ ತೀರುತ್ತದೆ.

ಬಾಗಿಲನ್ನು ತೆರೆದವರಿಗೆ ಲೋಕವು ಕೃತಜ್ಞವಾಗಿರಲಿ. ಆದರೆ ಹೊಸ್ತಿಲಿನ ಹೊರಗೆ ಹಿಂಜರಿದು ನಿಂತ ಕೊನೆಯ ಮಗುವನ್ನು ಒಬ್ಬರು ಹೋಗಿ ಕೈಹಿಡಿದು ಒಳಗೆ ಕರೆತರುವವರೆಗೆ ವಿದ್ಯಾದಾನವು ಪೂರ್ಣವಾಗಲಾರದು. ಆ ಒಬ್ಬರು ನಮ್ಮ ಪ್ರತಿಯೊಂದು ಊರಿನಲ್ಲಿಯೂ ಏಳಲೆಂದು ಹಾರೈಸೋಣ. ಹಾರೈಸಿದವರಲ್ಲಿ ಕೆಲವರಾದರೂ ತಾವೇ ಆ ಒಬ್ಬರಾಗಲಿ.